ಎರಡೂ ಅಂಚಿಗೆ ಒಂದೇ ಸೀಟಿ

ನಿಂತುಹೋದ ಆಟಕ್ಕೆ ರೆಫ್ರಿಯಾಗಿರುವಷ್ಟು ಸುಖದ ಹುದ್ದೆ ಈ ಲೋಕದಲ್ಲಿ ಇನ್ನೊಂದಿಲ್ಲ. ಬಿಸಿಲಲ್ಲಿ ಓಡಬೇಕಿಲ್ಲ, ಯಾರ ಬಾಯಿಂದಲೂ ಬೈಸಿಕೊಳ್ಳಬೇಕಿಲ್ಲ, ಮರ್ಯಾದೆ ಮಾತ್ರ ತಪ್ಪದೆ ಸಿಗುತ್ತದೆ. ಮೊಳಕಾಲ್ಮೂರಿನಲ್ಲಿ ನನ್ನ ಪಕ್ಕದ ಮನೆಯ ನಾಗಭೂಷಣ ಈ ಸುಖವನ್ನು ಆರು ವರ್ಷ ಅನುಭವಿಸಿದ. ಏಳನೆಯ ವರ್ಷ ಆಟ ವಾಪಸು ಬಂತು.

ನಾಗಭೂಷಣ ರೇಷ್ಮೆ ಸೀರೆ ನೇಯುವವನು. ಅವನಿಗೂ ರಗ್ಬಿಗೂ ಗಂಟು ಬಿದ್ದದ್ದು ಚಿತ್ರಾನ್ನದಿಂದ. ಆರು ವರ್ಷದ ಹಿಂದೆ ಚಳ್ಳಕೆರೆಯ ಒಂದು ಮದುವೆಗೆ ಸೀರೆ ಮುಟ್ಟಿಸಲು ಹೋದವನು ಛತ್ರದ ಹೆಸರು ಮರೆತು, ಜನ ಊಟಕ್ಕೆ ಸಾಲು ನಿಂತಿದ್ದ ಮೊದಲ ಕಟ್ಟಡಕ್ಕೆ ನುಗ್ಗಿದ. ಬಾಗಿಲಲ್ಲಿ ಯಾರೋ ಪುಸ್ತಕ ಹಿಡಿದು ಸಹಿ ಮಾಡಿ ಎಂದರು. ಈಗಿನ ಮದುವೆಗಳಲ್ಲಿ ಇದೂ ಒಂದು ಹೊಸ ಶಾಸ್ತ್ರವಿರಬೇಕೆಂದು ಮಾಡಿದ. ಅದು ರಗ್ಬಿ ರೆಫ್ರಿಗಳ ಎರಡು ದಿನದ ತರಬೇತಿ ಶಿಬಿರದ ಕೊನೆಯ ಮಧ್ಯಾಹ್ನ. ಚಿತ್ರಾನ್ನ ಮುಗಿಯುವಷ್ಟರಲ್ಲಿ ಹೆಸರು ಕೂಗಿ, ಅವನ ಕೈಗೆ ಒಂದು ಪ್ರಮಾಣಪತ್ರವನ್ನೂ ಒಂದು ಸೀಟಿಯನ್ನೂ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದ ಮೇಲೆ ಬೇಡ ಎನ್ನುವುದು ಮರ್ಯಾದಸ್ಥರ ಲಕ್ಷಣವಲ್ಲ.

ಆ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಕೊಟ್ಟವನು ನಾನೇ. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮುಂದೆ ನಡೆದ ಅನಾಹುತದಲ್ಲಿ ನನ್ನ ಪಾಲು ಅಲ್ಲಿಂದಲೇ ಶುರುವಾಗುತ್ತದೆ. ನಾಗಭೂಷಣ ಅದನ್ನು ಮಗ್ಗದ ಮೇಲೆ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ. ಮುಂದಿನ ತಿಂಗಳೇ ಕೊರೊನಾ ಬಂದು ಆಟಗಳೆಲ್ಲ ನಿಂತವು. ಆಮೇಲೆ ಕಬಡ್ಡಿ ಬಂತು, ವಾಲಿಬಾಲ್ ಬಂತು, ರಗ್ಬಿ ಮಾತ್ರ ಬರಲಿಲ್ಲ. ಅದನ್ನು ನಮ್ಮ ಕಡೆಗೆ ತಂದಿದ್ದ ಮೇಷ್ಟ್ರಿಗೆ ವರ್ಗವಾಗಿತ್ತು. ಇದ್ದ ಒಂದೇ ಚೆಂಡು ಕಾಲೇಜಿನ ಬೀರುವಿನ ಮೇಲೆ ಗಾಳಿ ಹೋಗಿ, ಬಾಡಿದ ಬದನೆಕಾಯಿಯ ಹಾಗೆ ಮಲಗಿತ್ತು. ನಾಗಭೂಷಣನಿಗೆ 'ರೆಫ್ರಿ' ಎಂಬ ಹೆಸರು ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತು.

ಆಟವಿಲ್ಲದ ರೆಫ್ರಿ ಸುಮ್ಮನಿರಲಿಲ್ಲ. ಬೀದಿಯ ನಲ್ಲಿಯ ಹತ್ತಿರ ಜಗಳವಾದರೆ ಸೀಟಿ ಊದಿಕೊಂಡು ಹೋಗುತ್ತಿದ್ದ. ಅವನ ನ್ಯಾಯಶಾಸ್ತ್ರವೆಲ್ಲ ಮಗ್ಗದಿಂದ ಬಂದದ್ದು. ಸೀರೆಯ ಒಂದು ಅಂಚಿನಲ್ಲಿ ನವಿಲಿನ ಕೊಕ್ಕು ತಪ್ಪಿ ಮೇಲಕ್ಕೆ ತಿರುಗಿತು ಅನ್ನಿ. ಮೊಳದುದ್ದ ನೇಯ್ದ ಮೇಲೆ ಬಿಚ್ಚಲಾಗದು. ಆಗ ಇನ್ನೊಂದು ಅಂಚಿನ ನವಿಲಿಗೂ ಕೊಕ್ಕನ್ನು ಮೇಲಕ್ಕೇ ತಿರುಗಿಸಬೇಕು. ಒಂದು ಕಡೆ ಇದ್ದರೆ ತಪ್ಪು, ಎರಡೂ ಕಡೆ ಇದ್ದರೆ ಡಿಸೈನು. ನಲ್ಲಿಯ ಹತ್ತಿರ ಸಿದ್ದಕ್ಕನ ಕೊಡವನ್ನು ಕಣ್ತಪ್ಪಿ ಸಾಲಿನ ಕೊನೆಗೆ ಕಳಿಸಿದ ದಿನ, ಅವನು ಮೂಗಮ್ಮನ ಕೊಡವನ್ನೂ ಕೊನೆಗೇ ಕಳಿಸಿ, ಎರಡೂ ಅಂಚಿಗೆ ಒಂದೇ ಎಂದ. ಜನ್ಮದ ವೈರಿಗಳಾದ ಆ ಇಬ್ಬರೂ ಒಟ್ಟಿಗೆ ನಿಂತು ಅವನನ್ನು ಬೈದರು. ಅವರು ಒಟ್ಟಿಗೆ ನಿಂತದ್ದು ಅದೇ ಮೊದಲು.

ಹೀಗಿರುವಾಗ ಒಂದು ದಿನ ದುರುಗಣ್ಣ ಬಂದ. ದುರುಗಣ್ಣ ಊರಿನಲ್ಲಿ ಏನೇ ನಡೆದರೂ ಅದಕ್ಕೆ ಅಧ್ಯಕ್ಷನಾಗುವವನು. ಈಗ ತಾಲ್ಲೂಕು ರಗ್ಬಿ ಪುನಶ್ಚೇತನ ಸಮಿತಿ ಕಟ್ಟಿದ್ದ. ಮುಂದಿನ ಭಾನುವಾರ ನಮ್ಮ ಕಾಲೇಜು ಮೈದಾನದಲ್ಲಿ ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಹೆಣ್ಣುಮಕ್ಕಳ ಪಂದ್ಯ, ಗೆದ್ದ ತಂಡ ಚಿತ್ರದುರ್ಗಕ್ಕೆ ಹೋಗಿ ಜಿಲ್ಲಾ ಮಟ್ಟದಲ್ಲಿ ಆಡುತ್ತದೆ, ಎರಡೂ ತಾಲ್ಲೂಕಿನಲ್ಲಿ ಸರ್ಟಿಫಿಕೇಟು ಇರುವ ರೆಫ್ರಿ ನೀನೊಬ್ಬನೇ ಎಂದ. ನಾಗಭೂಷಣನ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು.

ನಿಜ ಹೇಳಲು ಅದು ಒಳ್ಳೆಯ ಸಮಯ. ಆದರೆ ಆಗಲೇ ಅವನ ಮಗಳು ಸ್ವಪ್ನ ನೀರಿನ ಲೋಟ ಹಿಡಿದು ಹೊರಗೆ ಬಂದಳು. ಸೆಕೆಂಡ್ ಪಿಯುಸಿ ಓದುವ ಹುಡುಗಿ, ನಮ್ಮ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಚಿತ್ರದುರ್ಗದಲ್ಲಿ ಆಡಿದರೆ ಈ ವರ್ಷವೇ ಆಡಬೇಕು. ಅಪ್ಪ ರೆಫ್ರಿ ಎಂದು ಕಾಲೇಜಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ಮುಖ ನೋಡಿ ನಾಗಭೂಷಣ, ಅದಕ್ಕೇನಂತೆ, ಊದಿದರಾಯ್ತು ಎಂದುಬಿಟ್ಟ.

ಸ್ವಪ್ನ ಎಡಚಿ. ಲೋಟವನ್ನು ಎಡಗೈಯಲ್ಲೇ ದುರುಗಣ್ಣನ ಮುಂದೆ ಹಿಡಿದಳು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೂರಮ್ಮ ಎದ್ದು ಬಂದು ಆ ಕೈಗೆ ಪಟ್ಟೆಂದು ಒಂದು ಕೊಟ್ಟಳು. ಲೋಟ ಬಲಗೈಗೆ ಬಂದ ಮೇಲೆಯೇ ದುರುಗಣ್ಣ ನೀರು ಕುಡಿದದ್ದು. ಆ ಮನೆಯಲ್ಲಿ ಇದು ಹದಿನೇಳು ವರ್ಷದಿಂದ ದಿನಕ್ಕೆ ಮೂರು ಹೊತ್ತು ನಡೆಯುವ ಸಂಗತಿಯಾದ್ದರಿಂದ ಯಾರೂ ತಲೆ ಎತ್ತಿ ನೋಡಲಿಲ್ಲ.

ಮರುದಿನ ಸಮಿತಿಯಿಂದ ನಿಯಮಗಳ ಪುಸ್ತಕ ನನ್ನ ಫೋನಿಗೆ ಬಂತು, ಕನ್ನಡದಲ್ಲೇ, ನಲವತ್ತು ಪುಟ. ಪ್ರಿಂಟು ತೆಗೆದುಕೊಟ್ಟೆ. ನನ್ನ ಮಿಷನ್ನು ಆ ದಿನ ಒಂದು, ಮೂರು, ಐದು ಹೀಗೆ ಬೆಸ ಪುಟಗಳನ್ನು ಮಾತ್ರ ಹೊರಗೆ ಹಾಕಿತೆಂಬುದು ನನಗೂ ಗೊತ್ತಾಗಲಿಲ್ಲ, ನಾಗಭೂಷಣನಿಗೂ ಗೊತ್ತಾಗಲಿಲ್ಲ. ಅವನು ಇಪ್ಪತ್ತು ಪುಟವನ್ನೂ ಬಾಯಿಪಾಠ ಮಾಡಿದ. ಕೆಲವು ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವಲ್ಲ ಎಂದು ಕೇಳಿದಾಗ, ಇಂಗ್ಲಿಷಿನವರ ಆಟ, ಹಾಗೇ ಇರುತ್ತದೆ ಎಂದು ನಾನೇ ಸಮಾಧಾನ ಹೇಳಿದೆ.

ಭಾನುವಾರ ಮೈದಾನ ತುಂಬಿತು. ಚಳ್ಳಕೆರೆಯಿಂದ ಎರಡು ಟೆಂಪೋ ಜನ, ಅವರ ಪಿ.ಟಿ. ಮೇಷ್ಟ್ರು ವೀರೇಶ. ನಮ್ಮ ಕಡೆ ಇಡೀ ನೇಕಾರರ ಬೀದಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡ ಸೂರಮ್ಮ. ತಂಡಕ್ಕೆ ಏಳು ಜನ, ಏಳೇಳು ನಿಮಿಷದ ಎರಡು ಅರ್ಧ. ಟೈಮು ನೋಡುವ ಕೆಲಸ ನನಗೆ ಕೊಟ್ಟರು, ನನ್ನ ವಾಚು ದೊಡ್ಡದೆಂದು. ಗೋಲಿಗೆ ತಂದ ಕಂಬಗಳನ್ನು ಶಾಮಿಯಾನದವರು ನೆಟ್ಟುಕೊಂಡಿದ್ದರಿಂದ ಒದೆಯುವ ಪಾಯಿಂಟು ಇರುವುದಿಲ್ಲವೆಂದು ದುರುಗಣ್ಣ ಮೈಕಿನಲ್ಲಿ ಸಾರಿದ. ಚೆಂಡನ್ನು ಹಿಡಿದುಕೊಂಡು ಓಡಿ ಆಚೆ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ ಟ್ರೈ ಎನ್ನುತ್ತಾರೆ, ಐದು ಪಾಯಿಂಟು ಎಂದೂ ವಿವರಿಸಿದ. ಸಭೆಯಲ್ಲಿ ಗುಜುಗುಜು ಎದ್ದಿತು. ಸಿದ್ದಕ್ಕ ಎದ್ದು ನಿಂತು, ತನ್ನ ಮಗ ಪಿಯುಸಿ ಮೂರು ಸಲ ಟ್ರೈ ಮಾಡಿದ, ಸರ್ಕಾರದವರು ಒಂದು ಪಾಯಿಂಟೂ ಕೊಡಲಿಲ್ಲ, ಇಲ್ಲಿ ಹೆಂಗೆ ಕೊಡ್ತೀರಿ ಎಂದು ಕೇಳಿದಳು. ದುರುಗಣ್ಣ ಮೈಕು ಆರಿಸಿದ.

ಆಟ ಶುರುವಾಯಿತು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಎಸೆಯಬೇಕು ಎಂಬುದು ಬೆಸ ಪುಟದಲ್ಲಿ ಇತ್ತು. ಆದ್ದರಿಂದ ನಾಗಭೂಷಣ ಅದನ್ನು ಚೆನ್ನಾಗಿ ನೋಡಿಕೊಂಡ. ಮೊದಲ ಅರ್ಧದಲ್ಲಿ ಒಂದು ಟ್ರೈ ಅವರದ್ದು, ಒಂದು ನಮ್ಮದು, ಐದು ಐದು. ನಾಗಭೂಷಣನ ಎದೆ ಉಬ್ಬಿತು. ಆಗ ಚಳ್ಳಕೆರೆಯ ನಾಯಕಿ ರಶ್ಮಿತಾ ಮೂರು ಜನರನ್ನು ತಪ್ಪಿಸಿ ಗೆರೆ ದಾಟಿದಳು. ನಮ್ಮ ಹುಡುಗಿಯೊಬ್ಬಳು ಅವಳ ಬಲಗೈ ಹಿಡಿದು ಜೋತುಬಿದ್ದಿದ್ದಳು. ರಶ್ಮಿತಾ ಚೆಂಡನ್ನು ಎಡಗೈಗೆ ದಾಟಿಸಿಕೊಂಡು ನೆಲಕ್ಕೆ ಮುಟ್ಟಿಸಿದಳು.

ಸೀಟಿ ಕೂಗಿತು. ಟ್ರೈ ಇಲ್ಲ ಎಂದು ನಾಗಭೂಷಣ ಕೈ ಆಡಿಸಿದ.

ವೀರೇಶ ಮೇಷ್ಟ್ರು ಓಡಿ ಬಂದು ಕಾರಣ ಕೇಳಿದರು. ಆಮೇಲೆ ನಾಗಭೂಷಣನೇ ನನ್ನ ಹತ್ತಿರ ಒಪ್ಪಿಕೊಂಡ ಪ್ರಕಾರ, ಊದಿದ ಮೇಲೆಯೇ ಅವನು ಕಾರಣ ಹುಡುಕಿದ್ದು.

"ಎಡಗೈಲಿ ಇಟ್ಟಳು, ಮೇಷ್ಟ್ರೇ," ಎಂದ.

ಮೇಷ್ಟ್ರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆದರೆ ಪ್ರೇಕ್ಷಕರಲ್ಲಿ ಹಿರಿಯರೆಲ್ಲ ತಲೆಯಾಡಿಸಿದರು. ರಾಯದುರ್ಗದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕರು, ಪುರ್ರ ಚೇಯಿ, ಪುರ್ರ ಚೇಯಿ ಎಂದು ತೆಲುಗಿನಲ್ಲಿ ತಮ್ಮ ಎಡಗೈಯನ್ನೇ ಎತ್ತಿ ಎಲ್ಲರಿಗೂ ತೋರಿಸಿ ಛೀ ಎಂದರು. ಸೂರಮ್ಮ ಕುರ್ಚಿಯಿಂದಲೇ, ನನ್ನ ಮಗ ಸರಿಯಾಗಿ ಊದ್ಯಾನೆ, ಯಾರಾದ್ರೂ ಎಡಗೈಲಿ ಇಡ್ತಾರಾ ಎಂದು ಕೂಗಿ, ಮೈದಾನದಲ್ಲಿ ನಿಂತ ಮೊಮ್ಮಗಳನ್ನು ದುರುದುರು ನೋಡಿದಳು. ಚಳ್ಳಕೆರೆಯ ಟೆಂಪೋದಲ್ಲಿ ಬಂದಿದ್ದ ಹೆಂಗಸರೂ ಅರೆಮನಸ್ಸಿನಿಂದ ಹೌದು ಎಂದರು.

ವೀರೇಶ ಮೇಷ್ಟ್ರು ನಿಯಮ ತೋರಿಸಿ ಎಂದರು. ನಾನು ಪುಸ್ತಕ ತಂದೆ. ಹದಿನೇಳನೆಯ ಪುಟದ ಕೊನೆಯ ಸಾಲು ಹೀಗಿತ್ತು: 'ಚೆಂಡನ್ನು ನೆಲಕ್ಕೆ ಮುಟ್ಟಿಸುವಾಗ ಆಟಗಾರನು ತನ್ನ'. ಪುಟ ತಿರುವಿದರೆ ಹತ್ತೊಂಬತ್ತು: 'ಅಂಗಿಯ ಹಿಂಭಾಗದಲ್ಲಿ ಸಂಖ್ಯೆ ಎದ್ದು ಕಾಣುವಂತಿರಬೇಕು'. ತನ್ನ ಏನು ಎಂದು ಮೇಷ್ಟ್ರು ಕೇಳಿದರು. ತನ್ನ ಬಲಗೈ, ಇನ್ನೇನು ಎಂದ ನಾಗಭೂಷಣ. ಹದಿನೆಂಟನೆಯ ಪುಟ ಎಲ್ಲಿ ಎಂದರು. ಎಲ್ಲರೂ ನನ್ನನ್ನು ನೋಡಿದರು. ನಾನು ವಾಚು ನೋಡಿ ಅರ್ಧ ಮುಗಿಯಿತು ಎಂದೆ.

ಪುಸ್ತಕ ಬಂದಿದ್ದ ನನ್ನ ಫೋನು ಅಂಗಡಿಯಲ್ಲೇ ಉಳಿದಿತ್ತು. ಮೇಷ್ಟ್ರು ಫೋನ್ ತೆಗೆದು ಹುಡುಕಿದರು, ಗುಡ್ಡದ ಪಕ್ಕ ನೆಟ್‌ವರ್ಕ್ ಇರಲಿಲ್ಲ. ದುರುಗಣ್ಣ ತನ್ನ ಫೋನಿಗೂ ಇಲ್ಲವೆಂದು ಬಹಳ ವ್ಯಥೆಪಟ್ಟ.

ಎರಡನೆಯ ಅರ್ಧದಲ್ಲಿ ಆಟ ಬಿರುಸಾಯಿತು. ನಡುವೆ ಒಂದು ಕುರಿಹಿಂಡು ಮೈದಾನ ದಾಟಿತು. ಅದಕ್ಕೂ ನಾಗಭೂಷಣ ಸೀಟಿ ಊದಿದ, ಕುರಿಗಳು ಕೇಳಲಿಲ್ಲ. ಅಂಕ ಐದು ಐದರಲ್ಲೇ ನಿಂತಿತ್ತು. ನನ್ನ ವಾಚಿನಲ್ಲಿ ಇನ್ನು ಇಪ್ಪತ್ತು ಸೆಕೆಂಡು ಇರುವಾಗ ಚೆಂಡು ಸ್ವಪ್ನಳ ಕೈಗೆ ಬಂತು. ಆ ಹುಡುಗಿ ಓಡಿದ್ದನ್ನು ನಾನು ಮರೆಯಲಾರೆ. ನೇಕಾರರ ಬೀದಿ ಪೂರ್ತಿ ಎದ್ದು ನಿಂತಿತು, ನಾನು ವಾಚು ಬಿಟ್ಟು ಎದ್ದು ನಿಂತೆ. ಗೆರೆಯ ಹತ್ತಿರ ರಶ್ಮಿತಾ ಹಾರಿ ಅವಳ ಸೊಂಟ ಹಿಡಿದಳು, ಇಬ್ಬರೂ ಉರುಳಿದರು, ಉರುಳುತ್ತಲೇ ಸ್ವಪ್ನ ಕೈ ಚಾಚಿ ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದಳು. ಎಡಗೈ.

ಮೈದಾನ ಕುಣಿಯಿತು. ಶಾಮಿಯಾನದ ಒಂದು ಕಂಬ ಬಿತ್ತು. ದುರುಗಣ್ಣ ಮೈಕಿನಲ್ಲಿ ಚಿತ್ರದುರ್ಗಕ್ಕೆ ಬಸ್ಸು ಮಾಡಿಸುವುದನ್ನೂ ಘೋಷಿಸಿದ. ನಾಗಭೂಷಣ ಮಾತ್ರ ಮಗಳ ಪಕ್ಕ ನಿಂತು ಆ ಕೈಯನ್ನೇ ನೋಡುತ್ತಿದ್ದ. ಆಮೇಲೆ ಸೀಟಿ ಬಾಯಿಗಿಟ್ಟು ಊದಿ, ಟ್ರೈ ಇಲ್ಲ ಎಂದು ಕೈ ಆಡಿಸಿದ.

ಆಗ ಎದ್ದ ಗದ್ದಲವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಬೈಗುಳಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇದ್ದವು, ಎಲ್ಲವೂ ನಮ್ಮೂರಿನವೇ. ದುರುಗಣ್ಣ ಫೋನ್ ಹಿಡಿದು ಓಡಿ ಬಂದ. ಹತ್ತು ನಿಮಿಷದ ಹಿಂದೆ ಸತ್ತಿದ್ದ ನೆಟ್‌ವರ್ಕ್ ಈಗ ಅವನಿಗೆ ನಾಲ್ಕು ಕಡ್ಡಿ ಬಂದಿತ್ತು. ಯಾವ ಕೈಯಲ್ಲಿ ಮುಟ್ಟಿಸಿದರೂ ಟ್ರೈ ಎಂದು ಹದಿನೆಂಟನೆಯ ಪುಟದಲ್ಲಿ ಸ್ಪಷ್ಟವಾಗಿ ಇದೆಯೆಂದು ತೋರಿಸಿ, ನಾಗಭೂಷಣನ ಹೆಗಲ ಮೇಲೆ ಕೈ ಹಾಕಿ, ಆಗಿದ್ದು ಆಯ್ತು, ಇನ್ನು ಮೇಲೆ ಸರಿಯಾದ ನಿಯಮದ ಪ್ರಕಾರ ಹೋಗೋಣ ಎಂದ.

ನಾಗಭೂಷಣ ಆ ಪುಟ ಓದಿದ. ಮುಖ ಸುಣ್ಣವಾಯಿತು. ಆದರೆ ಹೆಗಲ ಮೇಲಿನ ಕೈ ತೆಗೆದ.

"ದುರುಗಣ್ಣ, ತಪ್ಪು ನಂದೇ. ಆ ಹುಡುಗಿದು ಟ್ರೈ ಆಗಿತ್ತು, ನಾನು ಕಿತ್ಕೊಂಡೆ. ಅದನ್ನ ಕೊಡೋದಾದ್ರೆ ಇದನ್ನೂ ಕೊಡ್ತೀನಿ, ಹತ್ತು ಹತ್ತು. ಅದು ಇಲ್ಲ ಅಂದ್ರೆ ಇದೂ ಇಲ್ಲ, ಐದು ಐದು. ಒಂದು ಅಂಚಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ನೇಯೋಕೆ ನನ್ನ ಕೈಲಿ ಆಗಲ್ಲ. ಬೇಕಾದ್ರೆ ಸೀಟಿ ತಗೋ."

ಎರಡು ಲೆಕ್ಕದಲ್ಲೂ ಪಂದ್ಯ ಸಮ, ಯಾರೂ ಗೆಲ್ಲುವುದಿಲ್ಲ. ಇದು ಜನಕ್ಕೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಚಳ್ಳಕೆರೆಯವರೂ ಬೈಯಲು ಶುರುಮಾಡಿದರು. ಮೊದಲೇ ಕೊಟ್ಟಿದ್ದರೆ ತಾವೇ ಗೆದ್ದಿರುತ್ತಿದ್ದೆವು ಎಂಬುದು ಅವರ ವಾದ. ಆಗ ಸೂರಮ್ಮ ಜನರನ್ನು ಸರಿಸಿಕೊಂಡು ನಡುವೆ ಬಂದು ಮಗನ ಎದುರು ನಿಂತಳು.

"ಲೇ, ಎಡಗೈ ಆದ್ರೇನೋ? ಅದೂ ಕೈಯಲ್ವಾ?"

ಹದಿನೇಳು ವರ್ಷ ಆ ಕೈಗೆ ಹೊಡೆದವಳ ಬಾಯಿಂದ ಬಂದ ಮಾತು. ಸ್ವಪ್ನ ನೆಲದಿಂದ ಎದ್ದು ಮಂಡಿಯ ಮಣ್ಣು ಒರೆಸಿಕೊಳ್ಳುತ್ತಿದ್ದವಳು ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮನೆಯ ಕಡೆ ನಡೆದಳು. ಪಂದ್ಯ ಸಮವೆಂದು ಬರೆದು, ಮುಂದಿನ ಭಾನುವಾರ ಚಳ್ಳಕೆರೆಯಲ್ಲಿ ಮತ್ತೆ ಆಡುವುದೆಂದು ತೀರ್ಮಾನವಾಯಿತು.

ಆ ವಾರ ನಾಗಭೂಷಣನಿಗೆ ಚೆನ್ನಾಗಿರಲಿಲ್ಲ. ಟೀ ಅಂಗಡಿಯವನು ಟೀ ಕೊಡುವಾಗ ಬೇಕೆಂದೇ ಎಡಗೈಯಲ್ಲಿ ಕೊಟ್ಟ. ನಲ್ಲಿಯ ಹತ್ತಿರ ಸಿದ್ದಕ್ಕ, ಮೂಗಮ್ಮ ಇಬ್ಬರೂ ಕೊಡಕ್ಕೆ ಕೊಡ ತಾಗಿಸಿ ನಿಂತು ಅವನನ್ನು ಸಾಲಿನೊಳಗೆ ಬಿಡಲಿಲ್ಲ. ಹೆಂಡತಿ ಹೊನ್ನಕ್ಕ ಮುದ್ದೆಯನ್ನು ತಟ್ಟೆಗೆ ಇಡುವ ಬದಲು ಮೇಲಿಂದ ಎತ್ತಿಹಾಕತೊಡಗಿದಳು. ಇದಕ್ಕೆಲ್ಲ ಅವನು ಜಗ್ಗಲಿಲ್ಲ, ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಓಡಾಡಿದ. ಮಗಳು ಮಾತು ಬಿಟ್ಟದ್ದಕ್ಕೆ ಮಾತ್ರ ಜಗ್ಗಿದ. ನಾಲ್ಕನೆಯ ದಿನ ನಾನು ಅವರ ಜಗಲಿಯಲ್ಲಿ ಕೂತಿದ್ದಾಗ ಅವನು, ನಾನು ಮಾಡಿದ್ದು ತಪ್ಪೇನಮ್ಮ ಎಂದು ಕೇಳಿದ. ಅವಳು ಪುಸ್ತಕದಿಂದ ತಲೆ ಎತ್ತಿದಳು.

"ಕೊನೇಲಿ ಮಾಡಿದ್ದು ಸರಿ ಐತಪ್ಪ. ಮೊದ್ಲು ಊದಿದ್ದು ಯಾಕೆ? ಮನೇಲಿ ಎಡಗೈ ತಪ್ಪು, ಮೈದಾನದಾಗೂ ತಪ್ಪು. ಈ ಕೈ ಎಲ್ಲಿ ಇಟ್ಕಳ್ಳಿ ನಾನು?"

ನಾಗಭೂಷಣ ಎದ್ದ. ಚಪ್ಪಲಿ ಮೆಟ್ಟಿ ನನ್ನನ್ನು ಎಬ್ಬಿಸಿಕೊಂಡು ಅಂಗಡಿಗೆ ನಡೆದು, ಉಳಿದ ಇಪ್ಪತ್ತು ಪುಟ ಈಗಲೇ ತೆಗೆದುಕೊಡು ಎಂದ. ತೆಗೆದುಕೊಟ್ಟೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಓದಿದ, ಹದಿನೆಂಟನೆಯ ಪುಟವನ್ನು ಎರಡು ಸಲ ಓದಿ, ಅದನ್ನೂ ಲ್ಯಾಮಿನೇಟ್ ಮಾಡಿಸಿದ.

ಇತ್ತ ಎರಡೂ ಊರುಗಳು ಇವನು ರೆಫ್ರಿಯಾಗಿ ಬೇಡವೇ ಬೇಡ ಎಂದಿದ್ದವು. ಚಳ್ಳಕೆರೆಯವರು ವೀರೇಶ ಮೇಷ್ಟ್ರ ಭಾವಮೈದುನನ ಹೆಸರು ಹೇಳಿದರು. ನಮ್ಮವರು ದುರುಗಣ್ಣನ ಹೆಸರು ಹೇಳಿದರು, ಹೇಳಿದವನು ದುರುಗಣ್ಣನೇ. ಮೂರು ದಿನ ಫೋನಿನಲ್ಲಿ ಕಿತ್ತಾಡಿದ ಮೇಲೆ, ಎರಡೂ ಊರಿನವರು ಒಂದೇ ಸಮ ಬೈದಿರುವ ಮನುಷ್ಯ ಎರಡು ತಾಲ್ಲೂಕಿನಲ್ಲಿ ಒಬ್ಬನೇ ಇದ್ದಾನೆ ಎಂಬುದು ಹೊಳೆಯಿತು. ಅವನನ್ನೇ ಮತ್ತೆ ಕರೆದರು.

ಚಳ್ಳಕೆರೆಯಲ್ಲಿ ಆಟ ಶುರುವಾಗುವ ಮುಂಚೆ ನಾಗಭೂಷಣ ದುರುಗಣ್ಣನ ಕೈಯಿಂದ ಮೈಕು ಕಿತ್ತುಕೊಂಡ. ಹೋದ ವಾರ ರಶ್ಮಿತಾಳಿಗೆ ತಾನು ಅನ್ಯಾಯ ಮಾಡಿದೆ, ಚಿತ್ರಾನ್ನ ತಿನ್ನಲು ಹೋಗಿ ರೆಫ್ರಿಯಾದವನು ತಾನು, ಆದರೆ ಈಗ ನಲವತ್ತು ಪುಟವೂ ಓದಿದ್ದೇನೆ, ಇವತ್ತು ಎಡಗೈ ಬಲಗೈ ಎರಡೂ ಕೈಯೇ, ಎರಡೂ ಊರಿಗೂ, ಒಪ್ಪದವರು ಈಗಲೇ ಬೈದು ಮುಗಿಸಬೇಕು ಎಂದ. ಜನ ಬೈದು ಮುಗಿಸಲು ಐದು ನಿಮಿಷ ಹಿಡಿಯಿತು. ಅವನು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡು, ಆಮೇಲೆ ಸೀಟಿ ಊದಿದ.

ಆ ದಿನ ಸ್ವಪ್ನ ಎರಡು ಟ್ರೈ ಹೊಡೆದಳು, ಎರಡೂ ಎಡಗೈಯಲ್ಲಿ. ಪಂದ್ಯ ಯಾರು ಗೆದ್ದರೆಂಬುದನ್ನು ಮೊಳಕಾಲ್ಮೂರಿನಲ್ಲಿ ಹುಟ್ಟಿ ಬೆಳೆದ ನಾನು ಹೇಳಲಾರೆ, ಯಾರು ಕೇಳಿದರೂ ಹೇಳುವುದಿಲ್ಲ. ಗೆದ್ದ ತಂಡ ಸೋತ ತಂಡದಿಂದ ಇಬ್ಬರು ಆಟಗಾರರನ್ನು ಜಿಲ್ಲೆಗೆ ಕರೆದೊಯ್ಯಬಹುದು ಎಂಬ ನಿಯಮ ಮೂವತ್ತೆರಡನೆಯ ಪುಟದಲ್ಲಿತ್ತು, ಅದನ್ನು ನಾಗಭೂಷಣನೇ ಹುಡುಕಿ ವೀರೇಶ ಮೇಷ್ಟ್ರಿಗೆ ತೋರಿಸಿದ. ಮೇಷ್ಟ್ರು ಯೋಚಿಸುವ ಮುಂಚೆಯೇ ರಶ್ಮಿತಾ, ಎಡಗಡೆ ಆಡೋಕೆ ನಮಗೆ ಆಕೆ ಬೇಕು ಸಾರ್ ಎಂದು ಸ್ವಪ್ನಳ ಕಡೆ ಬೆರಳು ತೋರಿಸಿದಳು. ಇಷ್ಟು ಹೇಳಿದ ಮೇಲೆ ಯಾರು ಗೆದ್ದರೆಂದು ನೀವು ಊಹಿಸಿದರೆ ಅದು ನಿಮ್ಮ ಹಣೆಬರಹ.

ಮರುದಿನ ಬೆಳಿಗ್ಗೆ ನಾನು ಅವರ ಜಗಲಿಯಲ್ಲಿ ಕೂತಿದ್ದೆ. ಸ್ವಪ್ನ ಟೀ ತಂದಳು. ನನಗೊಂದು ಲೋಟ ಕೊಟ್ಟು, ಇನ್ನೊಂದನ್ನು ಅಜ್ಜಿಯ ಮುಂದೆ ಹಿಡಿದಳು, ಎಡಗೈಯಲ್ಲಿ, ಬೇಕೆಂದೇ, ಅಜ್ಜಿಯ ಕಣ್ಣಿಗೆ ಕಣ್ಣಿಟ್ಟು. ಸೂರಮ್ಮನ ಕೈ ಹದಿನೇಳು ವರ್ಷದ ಅಭ್ಯಾಸದಂತೆ ಮೇಲೆದ್ದಿತು.

ಒಳಗೆ ಮಗ್ಗದ ಸದ್ದು ನಿಂತು ಸೀಟಿ ಕೂಗಿತು, ಇಡೀ ಬೀದಿಗೆ ಕೇಳುವ ಹಾಗೆ.

"ಅವ್ವಾ, ಅದೂ ಕೈಯೇ ಅಂತ ಅವತ್ತು ಮೈದಾನದಾಗೆ ಹೇಳಿದ್ದು ಯಾರು? ಎರಡೂ ಅಂಚಿಗೆ ಒಂದೇ."

ಎದ್ದ ಕೈ ಅಲ್ಲೇ ನಿಂತಿತು. ಸ್ವಪ್ನ ಲೋಟ ಹಿಂದಕ್ಕೆ ತೆಗೆಯಲಿಲ್ಲ. ಸೂರಮ್ಮ ಮಗ್ಗದ ಕೋಣೆಯ ಕಡೆ ಒಮ್ಮೆ, ಮೊಮ್ಮಗಳ ಕೈಯ ಕಡೆ ಒಮ್ಮೆ ನೋಡಿ, ಎತ್ತಿದ ಕೈಯಿಂದಲೇ ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದು, ಮುಖ ಗಂಟು ಹಾಕಿಕೊಂಡೇ ನನ್ನ ಕಡೆ ತಿರುಗಿದಳು.

"ನೋಡ್ತಾ ಕೂತಿದ್ದೀಯಲ್ಲಪ್ಪ, ಹುಡುಗಿಗೆ ಐದು ಪಾಯಿಂಟು ಬರ್ಕೋ."